ಮೂವತ್ತೇಳಕ್ಕೆ ನಿವೃತ್ತಿ: ಮಾಜಿ ಸೈನಿಕರ ಪಿಂಚಣಿಯ ಲೆಕ್ಕ



ಈ ದತ್ತಿ ಉಪನ್ಯಾಸವನ್ನು ಇಟ್ಟವರು ಒಬ್ಬ ಸುಬೇದಾರರ ಮಕ್ಕಳು. ಸೈನಿಕರ ಶೌರ್ಯವನ್ನು ಹೊಗಳಲು ಬೇಕಾದಷ್ಟು ಸಭೆಗಳು ನಡೆಯುತ್ತವೆ, ಇಲ್ಲಿ ಅವರ ಬದುಕಿನ ಮಾತಾಡಿ ಎಂದು ಅವರು ನನಗೆ ಹೇಳಿದರು. ಹಾಗಾಗಿ ನಾನು ಇಂದು ಹಣದ ಮಾತಾಡುತ್ತೇನೆ. ಪಿಂಚಣಿ, ಬಾಕಿ, ಅಂಗವೈಕಲ್ಯದ ಭತ್ಯೆ, ಆಸ್ಪತ್ರೆಯ ಬಿಲ್ಲು. ಗೌರವದ ಮಾತು ಎಲ್ಲಿ ನಿಜವಾಗುತ್ತದೆ, ಎಲ್ಲಿ ಸುಳ್ಳಾಗುತ್ತದೆ ಎಂಬುದು ಇಲ್ಲೇ ಗೊತ್ತಾಗುವುದು.

ಪ್ರತಿ ವರ್ಷ ಕೇಂದ್ರ ಬಜೆಟ್ ಬಂದ ಮರುದಿನ ಒಂದು ಆಕ್ಷೇಪ ತಪ್ಪದೆ ಕೇಳಿಬರುತ್ತದೆ. ರಕ್ಷಣೆಗೆ ಇಟ್ಟ ಹಣದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಪಿಂಚಣಿಗೇ ಹೋಗುತ್ತದೆ, ಹೀಗಾದರೆ ಫಿರಂಗಿ ಕೊಳ್ಳುವುದು ಯಾವಾಗ, ವಿಮಾನ ಕೊಳ್ಳುವುದು ಯಾವಾಗ? 2025-26ರ ಅಂದಾಜಿನಲ್ಲಿ ರಕ್ಷಣಾ ಸಚಿವಾಲಯಕ್ಕೆ 6.81 ಲಕ್ಷ ಕೋಟಿ ರೂಪಾಯಿ, ಅದರಲ್ಲಿ ಪಿಂಚಣಿಗೆ 1.60 ಲಕ್ಷ ಕೋಟಿ. ಅಂಕಿ ನಿಜ. ಆ ಅಂಕಿಯೊಳಗೆ ಯಾರಿದ್ದಾರೆ, ಅದು ಅಷ್ಟು ದೊಡ್ಡದಾಗಿದ್ದು ಯಾರ ತೀರ್ಮಾನದಿಂದ ಎಂದು ಕೇಳುವವರು ಕಡಿಮೆ. ಸಮವಸ್ತ್ರವನ್ನೇ ತೊಡದೆ, 60ರ ವಯಸ್ಸಿನವರೆಗೂ ಕೆಲಸ ಮಾಡಿ ನಿವೃತ್ತರಾದ ರಕ್ಷಣಾ ಇಲಾಖೆಯ ಸಿವಿಲ್ ನೌಕರರ ಪಿಂಚಣಿಯೂ ಅದರಲ್ಲಿ ಸೇರಿದೆ. ಆದರೆ ದೊಡ್ಡ ಕಾರಣ ಅದಲ್ಲ. ಸಿಪಾಯಿಯನ್ನು ಮೂವತ್ತೈದು, ಮೂವತ್ತೇಳರ ವಯಸ್ಸಿಗೆ ಮನೆಗೆ ಕಳಿಸುವುದು ದೊಡ್ಡ ಕಾರಣ.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದೇ ಊರಿನ ಇಬ್ಬರು ಹುಡುಗರು. ಒಬ್ಬ ತಾಲೂಕು ಕಚೇರಿಯಲ್ಲಿ ಗುಮಾಸ್ತನಾಗುತ್ತಾನೆ, ಇನ್ನೊಬ್ಬ ಬೆಳಗಾವಿಯ ಭರ್ತಿ ಮೈದಾನದಲ್ಲಿ ಓಡಿ ಪಾಸಾಗಿ ಫೌಜಿಗೆ ಸೇರುತ್ತಾನೆ. 2022ಕ್ಕೆ ಮೊದಲು ಹೀಗೆ ಸೇರಿದವನು ಸಿಪಾಯಿಯಾಗಿಯೇ ಉಳಿದರೆ ಹದಿನೇಳು ವರ್ಷಗಳ ಸೇವೆ ಮುಗಿಸಿ ಹೊರಬರುತ್ತಾನೆ. ಮಕ್ಕಳು ಆಗಿನ್ನೂ ಪ್ರೈಮರಿಯಲ್ಲೋ ಹೈಸ್ಕೂಲಿನಲ್ಲೋ ಇರುತ್ತಾರೆ. ಗುಮಾಸ್ತನಾದವನು 60ರವರೆಗೆ ದುಡಿಯುತ್ತಾನೆ. ಅವನಿಗೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಸಂಬಳ, ವಾರ್ಷಿಕ ಬಡ್ತಿ, ಎರಡು ವೇತನ ಆಯೋಗಗಳ ಏರಿಕೆ ಕಾದಿರುತ್ತವೆ. ಸಿಪಾಯಿಗೆ ಇವೆಲ್ಲ ತಪ್ಪುವುದು ಅವನು ಸೋಮಾರಿಯಾದ ಕಾರಣಕ್ಕಲ್ಲ. ಸೇನೆ ಚಿಕ್ಕ ವಯಸ್ಸಿನದ್ದಾಗಿರಬೇಕು, ಹಿಮದ ಗಡಿಯಲ್ಲಿ ಐವತ್ತರ ಮುದುಕರು ನಿಲ್ಲಲಾಗದು ಎಂಬುದು ದೇಶದ ಅಗತ್ಯ. ದೇಶ ತನ್ನ ಅಗತ್ಯಕ್ಕಾಗಿ ಒಬ್ಬನ ದುಡಿಯುವ ವಯಸ್ಸಿನ ಅರ್ಧಭಾಗವನ್ನು ಕತ್ತರಿಸಿದ ಮೇಲೆ, ಆ ಅರ್ಧಕ್ಕೆ ಬದಲಾಗಿ ಏನನ್ನಾದರೂ ಕೊಡಬೇಕು. ಸೈನಿಕನ ಪಿಂಚಣಿ ಎಂದರೆ ಅದು. ಪಿಂಚಣಿ ಸರ್ಕಾರದ ದಯೆಯಲ್ಲ, ಮಾಡಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂದು ಸುಪ್ರೀಂ ಕೋರ್ಟ್ 1982ರ ಡಿಸೆಂಬರ್ 17ರಂದೇ ನಾಕರಾ ಪ್ರಕರಣದಲ್ಲಿ ಹೇಳಿದೆ. ಆ ದಿನವನ್ನು ದೇಶದಾದ್ಯಂತ ಪಿಂಚಣಿದಾರರು ತಮ್ಮ ದಿನವೆಂದು ಆಚರಿಸುತ್ತಾರೆ.

ಪಿಂಚಣಿಯ ಬಗ್ಗೆ ಸೈನಿಕರಿಗಿರುವ ಅಸಮಾಧಾನಕ್ಕೆ ಐವತ್ತು ವರ್ಷ ದಾಟಿದೆ. 1971ರ ಡಿಸೆಂಬರಿನಲ್ಲಿ ನಮ್ಮ ಸೇನೆ ಢಾಕಾದಲ್ಲಿ ಗೆದ್ದಿತು. 1973ರಲ್ಲಿ ಮೂರನೇ ವೇತನ ಆಯೋಗದ ವರದಿ ಬಂತು. ಅದುವರೆಗೆ ಜವಾನನ ಪಿಂಚಣಿ ಕೊನೆಯ ಸಂಬಳದ ಶೇ. 70ರಷ್ಟಿತ್ತು, ಅದನ್ನು ಶೇ. 50ಕ್ಕೆ ಇಳಿಸಲಾಯಿತು, ಅದೇ ಹೊತ್ತಿನಲ್ಲಿ ಸಿವಿಲ್ ನೌಕರರ ಪ್ರಮಾಣವನ್ನು ಶೇ. 50ಕ್ಕೆ ಏರಿಸಲಾಯಿತು ಎಂಬುದು ಮಾಜಿ ಸೈನಿಕರು ಸಂಸತ್ತಿನ ಸಮಿತಿಯ ಮುಂದಿಟ್ಟ ಲೆಕ್ಕ. ಶೇ. 50 ಪೂರ್ತಿಯಾಗಿ ಸಿಗಬೇಕಾದರೆ 33 ವರ್ಷಗಳ ಸೇವೆ ಬೇಕೆಂಬ ಅಳತೆಗೋಲು ಬೇರೆ. ಹದಿನೈದು ಹದಿನೇಳು ವರ್ಷಕ್ಕೆ ಮನೆಗೆ ಹೋಗುವವನನ್ನು ಮೂವತ್ತಮೂರರ ಅಳತೆಗೋಲಿನಲ್ಲಿ ಅಳೆದರು. ವೇಟೇಜ್ ಎಂದು ಕೆಲವು ವರ್ಷಗಳನ್ನು ಸೇರಿಸಿಕೊಟ್ಟರೂ ಅಂತರ ಮುಚ್ಚಲಿಲ್ಲ.

ಅದೇ 1973ರ ಜನವರಿಯಲ್ಲಿ ಸ್ಯಾಮ್ ಮಾಣೆಕ್‌ಷಾ ಅವರಿಗೆ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟರು. ಆ ಪದವಿಗೆ ನಿವೃತ್ತಿಯೆಂಬುದಿಲ್ಲ, ಪೂರ್ಣ ಸಂಬಳ ಸಲ್ಲಬೇಕು. ಅದರ ಬಾಕಿ, ಒಂದು ಕೋಟಿಗೂ ಮೀರಿದ ಮೊತ್ತ, ಅವರ ಕೈಸೇರಿದ್ದು 2007ರಲ್ಲಿ. ಮರುವರ್ಷ ಅವರು ತೀರಿಕೊಂಡರು. ಯುದ್ಧ ಗೆದ್ದುಕೊಟ್ಟ ಸೇನಾಪತಿಯ ಬಾಕಿಗೇ ಮೂವತ್ತನಾಲ್ಕು ವರ್ಷ ಹಿಡಿಯಿತೆಂದ ಮೇಲೆ ಕುಂದಗೋಳದ, ಕುಶಾಲನಗರದ ಸಿಪಾಯಿಯ ಕಡತ ಎಷ್ಟು ಬೇಗ ಅಲುಗಾಡೀತು?

ನಮ್ಮವರೇ ಆದ ಕಾರ್ಯಪ್ಪನವರು ಮಾಜಿ ಸೈನಿಕರ ಈ ಪಾಡನ್ನು ಮೊದಲೇ ಕಂಡಿದ್ದರು. 1953ರಲ್ಲಿ ಸೇನೆಯಿಂದ ನಿವೃತ್ತರಾದ ಅವರು 1964ರಲ್ಲಿ ಮಾಜಿ ಸೈನಿಕರ ರಾಷ್ಟ್ರಮಟ್ಟದ ಸಂಘಟನೆ ಇಂಡಿಯನ್ ಎಕ್ಸ್-ಸರ್ವಿಸಸ್ ಲೀಗ್ ಕಟ್ಟಿದರು. ಕೊಡಗಿನಲ್ಲಿ ಅವರ ಪ್ರತಿಮೆಗಳಿಗೆ ಹಾರ ಹಾಕುವವರು ಈ ಕೆಲಸವನ್ನೂ ನೆನೆಯಬೇಕೆಂದು ನನ್ನ ಕೋರಿಕೆ.

ಇನ್ನು ಒನ್ ರ‍್ಯಾಂಕ್ ಒನ್ ಪೆನ್ಷನ್. ಒಂದೇ ಹುದ್ದೆಯಲ್ಲಿ ಅಷ್ಟೇ ವರ್ಷ ದುಡಿದ ಇಬ್ಬರಲ್ಲಿ ಮೊದಲು ನಿವೃತ್ತನಾದವನಿಗೆ ಕಡಿಮೆ, ಆಮೇಲೆ ನಿವೃತ್ತನಾದವನಿಗೆ ಹೆಚ್ಚು ಪಿಂಚಣಿ ಯಾಕೆ ಎಂಬ ಸರಳ ಪ್ರಶ್ನೆ ಅದು. ಒಂದೊಂದು ವೇತನ ಆಯೋಗ ಬಂದಾಗಲೂ ಹಳಬ ಹಿಂದೆ ಬೀಳುತ್ತಿದ್ದ. 62, 65, 71ರ ಯುದ್ಧಗಳನ್ನು ಕಂಡ ಹವಾಲ್ದಾರನಿಗಿಂತ ಆಮೇಲೆ ಹೊರಬಂದ ಹವಾಲ್ದಾರನ ಪಿಂಚಣಿ ಹೆಚ್ಚಾಗಿತ್ತು. 2009ರಲ್ಲಿ ಮಾಜಿ ಸೈನಿಕರು ತಮ್ಮ ಪದಕಗಳನ್ನು ರಾಷ್ಟ್ರಪತಿಗಳಿಗೆ ಹಿಂದಿರುಗಿಸಿದರು. ಪದಕವನ್ನು ಟ್ರಂಕಿನಲ್ಲಿ ರೇಷ್ಮೆ ಬಟ್ಟೆ ಸುತ್ತಿಡುವ ಮನೆಗಳನ್ನು ಬಲ್ಲವರಿಗೆ ಅದೆಂಥ ನಿರ್ಧಾರವೆಂದು ಗೊತ್ತು. 2011ರಲ್ಲಿ ಭಗತ್ ಸಿಂಗ್ ಕೋಶ್ಯಾರಿ ನೇತೃತ್ವದ ರಾಜ್ಯಸಭೆಯ ಅರ್ಜಿ ಸಮಿತಿ ಬೇಡಿಕೆ ನ್ಯಾಯವಾದದ್ದು ಎಂದಿತು. ಮುಂದೆ ಪಿಂಚಣಿ ಏರಿದಾಗಲೆಲ್ಲ ಹಳಬರಿಗೂ ತಾನೇತಾನಾಗಿ ಏರಬೇಕು ಎಂದೂ ಹೇಳಿತು. 2014ರ ಫೆಬ್ರವರಿಯಲ್ಲಿ ಒಂದು ಸರ್ಕಾರ ಒಪ್ಪಿ 500 ಕೋಟಿ ಇಟ್ಟಿತು. ಜುಲೈನಲ್ಲಿ ಇನ್ನೊಂದು ಸರ್ಕಾರ 1,000 ಕೋಟಿ ಇಟ್ಟಿತು. ಹಣ ಮಾತ್ರ ಯಾರ ಖಾತೆಗೂ ಬರಲಿಲ್ಲ.

2015ರ ಜೂನ್ 15ರಂದು ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರ ಸರದಿ ಉಪವಾಸ ಆರಂಭವಾಯಿತು. ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ, ಪೊಲೀಸರು ಅವರನ್ನು ಅಲ್ಲಿಂದ ಎಬ್ಬಿಸಲು ಹೋದರು. ಎಪ್ಪತ್ತು ದಾಟಿದ ಮಾಜಿ ಸೈನಿಕರನ್ನು ಪೊಲೀಸರು ಎಳೆದಾಡಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ಸೆಪ್ಟೆಂಬರ್ 5ರಂದು ರಕ್ಷಣಾ ಸಚಿವ ಮನೋಹರ ಪರಿಕ್ಕರ್ ಯೋಜನೆಯನ್ನು ಘೋಷಿಸಿದರು, ನವೆಂಬರ್ 7ರಂದು ಆದೇಶ ಹೊರಟಿತು. ಇದನ್ನು ಮಾಡಿದ ಸರ್ಕಾರಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ನಲವತ್ತು ವರ್ಷ ಯಾರೂ ಮಾಡದಿದ್ದುದು ಅದು. ಆದರೆ ಕೋಶ್ಯಾರಿ ಸಮಿತಿ ಹೇಳಿದ ‘ತಾನೇತಾನಾಗಿ’ ಆದೇಶದಲ್ಲಿ ಉಳಿಯಲಿಲ್ಲ, ಐದು ವರ್ಷಕ್ಕೊಮ್ಮೆ ಪರಿಷ್ಕರಣೆ ಎಂದಾಯಿತು.

ಆ ಐದು ವರ್ಷದ ಮಾತಾದರೂ ನಡೆಯಿತೇ? 2019ರ ಜುಲೈ 1ಕ್ಕೆ ಆಗಬೇಕಿದ್ದ ಪರಿಷ್ಕರಣೆ ಆಗಲಿಲ್ಲ. ಮಾಜಿ ಸೈನಿಕರು ಸುಪ್ರೀಂ ಕೋರ್ಟಿನಲ್ಲಿ ಹೋರಾಡುತ್ತಿದ್ದರು. 2022ರ ಮಾರ್ಚ್ 16ರಂದು ಕೋರ್ಟು ಸರ್ಕಾರದ ನೀತಿಯನ್ನು ಎತ್ತಿಹಿಡಿಯಿತು, ಆದರೆ 2019ರಿಂದ ಪರಿಷ್ಕರಿಸಿ ಮೂರು ತಿಂಗಳಲ್ಲಿ ಬಾಕಿ ಕೊಡಿ ಎಂದಿತು. ಸಂಪುಟ ಒಪ್ಪಿಗೆ ಕೊಟ್ಟದ್ದು ಡಿಸೆಂಬರ್ 23ರಂದು. 25 ಲಕ್ಷಕ್ಕೂ ಹೆಚ್ಚು ಪಿಂಚಣಿದಾರರು, 23,638 ಕೋಟಿ ಬಾಕಿ. ಅದನ್ನು ನಾಲ್ಕು ಕಂತಿನಲ್ಲಿ ಕೊಡುತ್ತೇವೆಂದು 2023ರ ಜನವರಿಯಲ್ಲಿ ಸಚಿವಾಲಯ ತಾನೇ ಪತ್ರ ಹೊರಡಿಸಿತು. ಕೋರ್ಟು ಸಿಟ್ಟಾಗಿ, ಕುಟುಂಬ ಪಿಂಚಣಿದಾರರಿಗೆ ಏಪ್ರಿಲ್ ಕೊನೆಗೆ, 70 ದಾಟಿದವರಿಗೆ ಜೂನ್ ಕೊನೆಗೆ, ಉಳಿದವರಿಗೆ 2024ರ ಫೆಬ್ರವರಿಯೊಳಗೆ ಎಂದು ತಾನೇ ದಿನಾಂಕ ಗೊತ್ತುಮಾಡಬೇಕಾಯಿತು. ದೇಶದ ಅತ್ಯುನ್ನತ ನ್ಯಾಯಾಲಯ ಪಿಂಚಣಿ ಕಚೇರಿಯ ಮೇಲ್ವಿಚಾರಕನ ಕೆಲಸ ಮಾಡಬೇಕಾಗಿ ಬಂದದ್ದು ನಮಗೆ ನೋವು ತರಬೇಕು. 2024ರ ಮೂರನೇ ಸುತ್ತು ಅದೇ ವರ್ಷ ಜಾರಿಯಾಯಿತು. ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತಲ್ಲ.

ಜವಾನರಿಗೆ ಇನ್ನೊಂದು ಸಿಟ್ಟಿದೆ, ಅದನ್ನು ಇಂಥ ಸಭೆಗಳಲ್ಲಿ ಮುಚ್ಚಿಡುವ ಅಭ್ಯಾಸವಿದೆ. ಮಿಲಿಟರಿ ಸರ್ವಿಸ್ ಪೇ ಎಂಬುದೊಂದಿದೆ. ಸೇನಾ ಬದುಕಿನ ಕಷ್ಟಕ್ಕೆಂದೇ ಸಂಬಳಕ್ಕೆ ಸೇರಿಸಿ ಕೊಡುವ ಮೊತ್ತ. ಏಳನೇ ವೇತನ ಆಯೋಗದ ಪ್ರಕಾರ ಅಧಿಕಾರಿಗೆ ತಿಂಗಳಿಗೆ 15,500 ರೂಪಾಯಿ, ಜೆಸಿಒ (ಸುಬೇದಾರರಂಥ ಕಿರಿಯ ಅಧಿಕಾರಿ) ಮತ್ತು ಜವಾನರಿಗೆ 5,200. ಪಿಂಚಣಿ ಲೆಕ್ಕ ಹಾಕುವಾಗಲೂ ಇದು ಸೇರುವುದರಿಂದ ಅಂತರ ಸಾಯುವವರೆಗೆ ಬೆನ್ನು ಬಿಡುವುದಿಲ್ಲ. ಹುದ್ದೆಗೆ ತಕ್ಕ ಸಂಬಳವನ್ನು ಯಾರೂ ಪ್ರಶ್ನಿಸುತ್ತಿಲ್ಲ. ಆದರೆ ಸಿಯಾಚಿನ್ನಿನ ಚಳಿ ಅಧಿಕಾರಿಗೆ ಮೂರು ಪಟ್ಟು, ಸಿಪಾಯಿಗೆ ಒಂದು ಪಟ್ಟು ಎಂದು ಇದೆಯೇ? ಈ ಪ್ರಶ್ನೆ ಹಿಡಿದು 2023ರ ಫೆಬ್ರವರಿಯಿಂದ ಜೆಸಿಒ, ಜವಾನ ದರ್ಜೆಯ ಮಾಜಿ ಸೈನಿಕರು ಮತ್ತೆ ಜಂತರ್ ಮಂತರ್‌ನಲ್ಲಿ ಕುಳಿತರು. ಪತ್ರಿಕೆಗಳು 2015ರಷ್ಟು ಗಮನ ಕೊಡಲಿಲ್ಲ. ಅವರ ಪ್ರಶ್ನೆಗೆ ಸಮಾಧಾನವಾಗುವ ಉತ್ತರವನ್ನು ನಾನಂತೂ ಯಾವ ವೇತನ ಆಯೋಗದಿಂದಲೂ ಕೇಳಿಲ್ಲ.

ಅಂಗವೈಕಲ್ಯ ಪಿಂಚಣಿಯ ಕಥೆ ಇದಕ್ಕಿಂತ ಕಹಿ. ಸೇರುವಾಗ ವೈದ್ಯರು ಪರೀಕ್ಷಿಸಿ ಆರೋಗ್ಯವಂತನೆಂದು ಬರೆದುಕೊಂಡ ಹುಡುಗನಿಗೆ ಸೇವೆಯಲ್ಲಿರುವಾಗ ಕಾಯಿಲೆ ಬಂದರೆ, ಅದು ಸೇವೆಯಿಂದಲೇ ಬಂದದ್ದೆಂದು ಭಾವಿಸಬೇಕು, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಸರ್ಕಾರದ್ದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2014ರ ಡಿಸೆಂಬರಿನಲ್ಲಿ ಅಂಗವೈಕಲ್ಯದ ಪ್ರಮಾಣ ಲೆಕ್ಕಹಾಕುವ ಬಗ್ಗೆ ಸರ್ಕಾರ ಹಾಕಿದ್ದ 800ಕ್ಕೂ ಹೆಚ್ಚು ಮೇಲ್ಮನವಿಗಳನ್ನು ಒಟ್ಟಿಗೆ ವಜಾ ಮಾಡಿತು. ಅಷ್ಟಾದ ಮೇಲೂ ಗೆದ್ದ ಸೈನಿಕರ ವಿರುದ್ಧ ಸರ್ಕಾರ ಮೇಲಿನ ಕೋರ್ಟಿಗೆ ಹೋಗುವುದು ನಿಲ್ಲಲಿಲ್ಲ. 2025ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಅಂಥ ಸುಮಾರು 300 ಅರ್ಜಿಗಳನ್ನು ತಳ್ಳಿಹಾಕಿತು. ಒಬ್ಬೊಬ್ಬ ಜವಾನನ ಕೆಲವು ಸಾವಿರ ರೂಪಾಯಿ ಉಳಿಸಲು ಸರ್ಕಾರ ವಕೀಲರಿಗೆ ಕೊಡುವ ಫೀಜು ಎಷ್ಟಿದ್ದೀತು? ಕರ್ನಾಟಕದ ಸೈನಿಕರ ಪ್ರಕರಣಗಳು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತವೆ ಎಂಬುದನ್ನೂ ನೆನಪಿಡಿ. ಬೀದರಿನಲ್ಲಿ ಕಾಲು ಕಳೆದುಕೊಂಡು ಕುಳಿತವನಿಗೆ ಕೊಚ್ಚಿ ಎಷ್ಟು ದೂರ!

2019ರ ಜೂನಿನಲ್ಲಿ ನೇರ ತೆರಿಗೆ ಮಂಡಳಿ ಒಂದು ಸುತ್ತೋಲೆ ಹೊರಡಿಸಿ, ಅಂಗವೈಕಲ್ಯ ಪಿಂಚಣಿಗಿದ್ದ ತೆರಿಗೆ ವಿನಾಯಿತಿಯನ್ನು ಗಾಯದ ಕಾರಣಕ್ಕೆ ಸೇನೆಯಿಂದ ಬಿಡುಗಡೆಯಾದವರಿಗೆ ಮಾತ್ರ ಉಳಿಸಿತು. ಗಾಯಗೊಂಡ ಮೇಲೂ ಸೇವೆಯಲ್ಲಿ ಮುಂದುವರಿದು ಅವಧಿ ಮುಗಿಸಿದವನಿಗೆ ಇಲ್ಲ ಎಂದರ್ಥ. ನೋವು ನುಂಗಿಕೊಂಡು ಕೆಲಸ ಮಾಡಿದ್ದಕ್ಕೆ ದಂಡವೇ ಇದು? 2023ರ ಸೆಪ್ಟೆಂಬರಿನ ಹೊಸ ನಿಯಮಗಳು ಅರ್ಹತೆಯನ್ನು ಇನ್ನಷ್ಟು ಬಿಗಿಗೊಳಿಸಿದವು. ದುರುಪಯೋಗವೇ ಇಲ್ಲವೆಂದು ನಾನು ಹೇಳಲಾರೆ. ನಿವೃತ್ತರಾಗುವ ಅಧಿಕಾರಿಗಳಲ್ಲಿ ಈ ಸೌಲಭ್ಯ ಪಡೆಯುವವರ ಪ್ರಮಾಣ ಜವಾನರಿಗಿಂತ ಬಹಳ ಹೆಚ್ಚೆಂದು ಮಹಾಲೇಖಪಾಲರ ವರದಿ ಎತ್ತಿ ತೋರಿಸಿದೆ. ಹಾಗಿದ್ದರೆ ಅಲ್ಲಿ ಪರಿಶೀಲಿಸಿ. ಎಲ್ಲರನ್ನೂ ಅನುಮಾನದಿಂದ ನೋಡುವ ನಿಯಮ ಕೊನೆಗೆ ಬಂದು ಬೀಳುವುದು ಕೇಳುವವರಿಲ್ಲದ ಸಿಪಾಯಿಯ ಮೇಲೆ.

ವೈದ್ಯಕೀಯ ಸೌಲಭ್ಯದ ವಿಚಾರವನ್ನು ಇಲ್ಲಿರುವವರಿಗೆ ನಾನು ವಿವರಿಸಬೇಕಿಲ್ಲ. 2003ರಲ್ಲಿ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಬಂದಾಗ ಅದು ದೊಡ್ಡ ಆಸರೆಯಾಯಿತು, ಇಂದಿಗೂ ಆಸರೆಯೇ. ಆದರೆ ಸರ್ಕಾರದಿಂದ ಬಿಲ್ಲು ಬಾಕಿ ಉಳಿದಾಗ ಖಾಸಗಿ ಆಸ್ಪತ್ರೆಗಳು ‘ಮೊದಲು ದುಡ್ಡು ಕಟ್ಟಿ’ ಎನ್ನುತ್ತವೆ. ಪಾಲಿಕ್ಲಿನಿಕ್ಕಿನ ರೆಫರಲ್ ಚೀಟಿ ಕೈಯಲ್ಲಿದ್ದರೂ ಹೃದಯದ ಕಾಯಿಲೆಯವರು ಕೌಂಟರಿನ ಮುಂದೆ ನಿಲ್ಲಬೇಕಾಗುತ್ತದೆ. ಸ್ಪರ್ಶ್ ಎಂಬ ಆನ್‌ಲೈನ್ ಪಿಂಚಣಿ ವ್ಯವಸ್ಥೆ ಬಂದ ಹೊಸದರಲ್ಲಿ, 2022ರ ಏಪ್ರಿಲ್ ತಿಂಗಳ ಪಿಂಚಣಿ ಸುಮಾರು 58 ಸಾವಿರ ಮಂದಿಗೆ ಸಮಯಕ್ಕೆ ಬರಲಿಲ್ಲ. ವಾರ್ಷಿಕ ಗುರುತು ದೃಢೀಕರಣ ಆಗಿಲ್ಲವೆಂಬುದು ಕಾರಣ. ಕೂಗೆದ್ದ ಮೇಲೆ ವಿನಾಯಿತಿ ಕೊಟ್ಟು ಹಣ ಹಾಕಿದರು. ಎಂಬತ್ತರ ಅಜ್ಜಿ, ಗಂಡನ ಡಿಸ್ಚಾರ್ಜ್ ಪುಸ್ತಕದಲ್ಲಿ ತನ್ನ ಹೆಸರು ಒಂದು ಅಕ್ಷರ ಬೇರೆಯಾಗಿ ಬರೆದಿದೆಯೆಂಬ ಕಾರಣಕ್ಕೆ ರೆಕಾರ್ಡ್ ಆಫೀಸಿಗೂ ಬ್ಯಾಂಕಿಗೂ ಓಡಾಡುವುದನ್ನು ನಿಮ್ಮಲ್ಲಿ ಅನೇಕರು ಕಂಡಿದ್ದೀರಿ.

ಇಷ್ಟೆಲ್ಲಕ್ಕೂ ದುಡ್ಡೆಲ್ಲಿದೆ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. 2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರ ಕಂಪನಿಗಳ ಆದಾಯ ತೆರಿಗೆಯನ್ನು ಇಳಿಸಿತು. ಅದರಿಂದ ವರ್ಷಕ್ಕೆ 1.45 ಲಕ್ಷ ಕೋಟಿ ವರಮಾನ ಕೈತಪ್ಪುತ್ತದೆಂದು ಅಂದು ಹಣಕಾಸು ಸಚಿವರೇ ಹೇಳಿದರು. ಅದರಿಂದ ಹೂಡಿಕೆ ಹೆಚ್ಚಿತೇ ಎಂಬ ವಾದ ಬೇರೆ ಇದೆ, ಅದಕ್ಕೆ ನಾನು ಹೋಗುವುದಿಲ್ಲ. 2019ರ ಎರಡನೇ ಸುತ್ತಿನ ಪಿಂಚಣಿ ಪರಿಷ್ಕರಣೆಯಿಂದ ಸರ್ಕಾರದ ಮೇಲೆ ಬಿದ್ದ ಹೆಚ್ಚುವರಿ ಖರ್ಚು ವರ್ಷಕ್ಕೆ 8,450 ಕೋಟಿ. ಮೊದಲನೆಯದನ್ನು ಒಂದು ಬೆಳಗಿನಲ್ಲಿ ತೀರ್ಮಾನಿಸಬಹುದು, ಎರಡನೆಯದಕ್ಕೆ ಮೂರೂವರೆ ವರ್ಷ ಬೇಕು! ಹಣದ ಕೊರತೆ ಎಂದರೆ ಇಲ್ಲಿ ಏನರ್ಥ?

ನಮ್ಮ ಮನೆಯನ್ನೂ ನೋಡಿಕೊಳ್ಳೋಣ. 2025ರ ಮಾರ್ಚಿನಲ್ಲಿ ಕರ್ನಾಟಕ ವಿಧಾನಮಂಡಲ ಶಾಸಕರ, ಸಚಿವರ ಸಂಬಳ ಏರಿಸುವ ಮಸೂದೆಗಳನ್ನು ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕರಿಸಿತು. ಮಾಜಿ ಶಾಸಕರ ಪಿಂಚಣಿ ತಿಂಗಳಿಗೆ 50 ಸಾವಿರದಿಂದ 75 ಸಾವಿರಕ್ಕೇರಿತು. ಸಿಪಾಯಿ ಪಿಂಚಣಿಗೆ ಹದಿನೈದು ವರ್ಷ ದುಡಿಯಬೇಕು, ಶಾಸಕರಿಗೆ ಒಂದು ಅವಧಿ ಸಾಕು. ಸಂಸದರ ಸಂಬಳ ಬೆಲೆಯೇರಿಕೆಯ ಸೂಚ್ಯಂಕಕ್ಕೆ ತಕ್ಕಂತೆ ಐದು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗಬೇಕೆಂದು 2018ರಲ್ಲೇ ಕಾನೂನಾಗಿದೆ. ಅವರ ಪರಿಷ್ಕರಣೆಯೂ ಕಳೆದ ಸಲ ತಡವಾಯಿತು, ಆದರೆ ಅದಕ್ಕಾಗಿ ಅವರು ಕೋರ್ಟಿನ ಮೆಟ್ಟಿಲು ಹತ್ತಬೇಕಾಗಲಿಲ್ಲ, ಬೀದಿಯಲ್ಲಿ ಕೂರಬೇಕಾಗಲಿಲ್ಲ.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ಪಿಂಚಣಿಯ ಮೊತ್ತ ಇಳಿಯಬೇಕೆಂದರೆ ಅದಕ್ಕೊಂದು ನ್ಯಾಯವಾದ ದಾರಿ ಇತ್ತು, ಅದನ್ನು ಸರ್ಕಾರದ ಸಮಿತಿಗಳೇ ತೋರಿಸಿದ್ದವು. ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಕಾರ್ಗಿಲ್ ಪರಿಶೀಲನಾ ಸಮಿತಿ, ಸೇನೆಯಲ್ಲಿ ಏಳರಿಂದ ಹತ್ತು ವರ್ಷ ದುಡಿಸಿಕೊಂಡು ಆಮೇಲೆ ಆ ಯೋಧರನ್ನು ಅರೆಸೇನಾ ಪಡೆಗಳಿಗೆ ಕಳಿಸಿ ಎಂದಿತ್ತು. ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಆರನೇ ವೇತನ ಆಯೋಗ 2008ರಲ್ಲಿ ಅದನ್ನೇ ಇನ್ನಷ್ಟು ವಿವರವಾಗಿ ಹೇಳಿತು. ಸಿಆರ್‌ಪಿಎಫ್‌ಗೋ ಬಿಎಸ್‌ಎಫ್‌ಗೋ ತರಬೇತಿ ಪಡೆದ, ಗುಂಡಿನ ಸದ್ದು ಕೇಳಿದ ಆಳು ಸಿಗುತ್ತಾನೆ. ಅವನಿಗೆ ಅರವತ್ತರವರೆಗೆ ಸಂಬಳದ ಕೆಲಸವಿರುತ್ತದೆ. ಸರ್ಕಾರಕ್ಕೆ ಹೊಸಬರ ತರಬೇತಿಯ ಖರ್ಚೂ ಇಪ್ಪತ್ತು ವರ್ಷದ ಪಿಂಚಣಿಯೂ ಉಳಿಯುತ್ತವೆ. ಯಾರಿಗೂ ನಷ್ಟವಿಲ್ಲದ ಈ ಸಲಹೆ ಜಾರಿಗೆ ಬರಲೇ ಇಲ್ಲ. ಒಂದು ಇಲಾಖೆ ಪಳಗಿದವನನ್ನು ಮನೆಗೆ ಕಳಿಸಿ ಪಿಂಚಣಿ ಕೊಡುತ್ತದೆ, ಇನ್ನೊಂದು ಇಲಾಖೆ ಹೊಸಬನನ್ನು ಹುಡುಕಿ ಮೊದಲಿಂದ ಕಲಿಸುತ್ತದೆ. ಇಬ್ಬರ ಖರ್ಚೂ ನಮ್ಮ ತೆರಿಗೆಯದು. ಹೀಗೆ ಬೆಳೆದ ಮೊತ್ತವನ್ನು ತೋರಿಸಿ ಸೈನಿಕನನ್ನೇ ಹೊರೆ ಎನ್ನುವುದು ಅನ್ಯಾಯ.

2022ರ ಜೂನ್ 14ರಂದು ಬಂದ ಅಗ್ನಿಪಥ ಯೋಜನೆ ಆ ಸಲಹೆಯ ಅರ್ಧವನ್ನು ಮಾತ್ರ ತೆಗೆದುಕೊಂಡಿತು. ಸೇವೆ ಮೊಟಕಾಯಿತು, ಏಳರಿಂದ ಹತ್ತಲ್ಲ, ಬರೀ ನಾಲ್ಕು ವರ್ಷ. ಅಗ್ನಿವೀರರೆಂದು ಸೇರುವ ನೂರರಲ್ಲಿ ಇಪ್ಪತ್ತೈದು ಜನ ಉಳಿಯುತ್ತಾರೆ. ಹೊರಬರುವವರಿಗೆ ಸೇವಾನಿಧಿಯೆಂದು ಬಡ್ಡಿ ಸೇರಿ ಸುಮಾರು 11.71 ಲಕ್ಷ, ಅದರ ಅಸಲಿನಲ್ಲಿ ಅರ್ಧ ಅವರದೇ ಸಂಬಳದಿಂದ ಹಿಡಿದದ್ದು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ, ಮಾಜಿ ಸೈನಿಕನೆಂಬ ಸ್ಥಾನವೂ ಇಲ್ಲ. ಎಲ್ಲರಿಗೂ ಖಾತ್ರಿಯಾದ ಎರಡನೇ ಕೆಲಸದ ಬದಲು 2022ರಲ್ಲಿ ಅರೆಸೇನಾ ಪಡೆಗಳಲ್ಲಿ ಶೇ. 10ರ ಮೀಸಲಾತಿ ಘೋಷಣೆಯಾಯಿತು. ಮಾಜಿ ಸೈನಿಕರಿಗೆ ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಈಗಾಗಲೇ ಶೇ. 10ರ ಮೀಸಲಾತಿ ಇದೆ. ವಾಸ್ತವದಲ್ಲಿ ಭರ್ತಿಯಾಗುವುದು ಅದಕ್ಕಿಂತ ಬಹಳ ಕಡಿಮೆ ಎಂಬುದು ಸಂಸತ್ತಿನಲ್ಲಿ ಸರ್ಕಾರವೇ ಕೊಟ್ಟ ಉತ್ತರಗಳಲ್ಲಿದೆ.

ಕುಂದಗೋಳ ತಾಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ನೀವು ಮರೆತಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಹಿಮದಡಿಯಿಂದ ಆರನೇ ದಿನ ಜೀವಂತವಾಗಿ ಹೊರಬಂದು, 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಅಂಥ ಸೈನಿಕನ ಪತ್ನಿಗೆ ಜೀವಮಾನದ ಕುಟುಂಬ ಪಿಂಚಣಿ ಇದೆ. ಅದೇ ಹಿಮದಲ್ಲಿ ಇಂದು ಅಗ್ನಿವೀರನೊಬ್ಬ ಸತ್ತರೆ ಮನೆಯವರಿಗೆ 48 ಲಕ್ಷದ ವಿಮೆ, 44 ಲಕ್ಷದ ಪರಿಹಾರ ಸೇರಿ ಒಮ್ಮೆಗೇ ದೊಡ್ಡ ಮೊತ್ತ ಬರುತ್ತದೆ, ಅದನ್ನು ನಾನು ಕಡೆಗಣಿಸುವುದಿಲ್ಲ. ಆದರೆ ತಿಂಗಳ ಪಿಂಚಣಿ ಇಲ್ಲ. ಇದನ್ನು ಸರಿಪಡಿಸಿ ಎಂದು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯೇ ಶಿಫಾರಸು ಮಾಡಿದೆ. ಇಬ್ಬರೂ ಹೊದ್ದದ್ದು ಒಂದೇ ಧ್ವಜ.

ರಾಜ್ಯ ಸರ್ಕಾರದ ಪಾಲೂ ಇದೆ. ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಸೈನಿಕರಿಗೆ, ಮಾಜಿ ಸೈನಿಕರಿಗೆ ಶೇ. 10 ಜಮೀನು ಎಂದು 1969ರಿಂದ ಬರೆದಿದೆ. ತಹಶೀಲ್ದಾರರ ಕಚೇರಿಗಳಲ್ಲಿ ಅರ್ಜಿ ಕೊಟ್ಟವನು ತೀರಿಕೊಂಡು ಮಗ ಓಡಾಡುತ್ತಿರುವ ಕಡತಗಳಿವೆ. ಜಮೀನು ಇಲ್ಲದಿದ್ದರೆ ಇಲ್ಲವೆಂದು ಬರೆದುಕೊಡಲಿ. ಇಪ್ಪತ್ತು ವರ್ಷ ‘ಪರಿಶೀಲನೆಯಲ್ಲಿದೆ’ ಎಂದು ಕಾಯಿಸುವುದು ಬೇಡ.

ಅಗ್ನಿವೀರರ ಮೊದಲ ತಂಡ 2022ರ ಕೊನೆ, 2023ರ ಆರಂಭದಲ್ಲಿ ತರಬೇತಿಗೆ ಸೇರಿತು. 2026ರ ಕೊನೆಯಿಂದ ಅವರು ಊರಿಗೆ ಮರಳತೊಡಗುತ್ತಾರೆ. ಇಪ್ಪತ್ತೆರಡು, ಇಪ್ಪತ್ನಾಲ್ಕರ ಹುಡುಗರು, ಪಿಂಚಣಿ ಪುಸ್ತಕವಿಲ್ಲದೆ, ಇಸಿಎಚ್‌ಎಸ್ ಕಾರ್ಡಿಲ್ಲದೆ. ನಿಮ್ಮ ಜಿಲ್ಲೆಯಿಂದ ಎಷ್ಟು ಜನ ಹೋಗಿದ್ದಾರೆ, ಮರಳುವವರಿಗೆ ಪೊಲೀಸ್, ಅರಣ್ಯ, ಅಗ್ನಿಶಾಮಕ ಇಲಾಖೆಗಳಲ್ಲಿ ಎಷ್ಟು ಹುದ್ದೆ ಇಟ್ಟಿದ್ದೀರಿ ಎಂದು ನಿಮ್ಮ ಶಾಸಕರನ್ನು ಕೇಳಿ. ಅಗ್ನಿವೀರನ ವಿಧವೆಗೂ ಕುಟುಂಬ ಪಿಂಚಣಿ ಯಾವಾಗ, ಜವಾನನ ಸರ್ವಿಸ್ ಪೇ ಅಧಿಕಾರಿಯ ಸಮಕ್ಕೆ ಯಾವಾಗ, ಗೆದ್ದವರ ವಿರುದ್ಧ ಮೇಲ್ಮನವಿ ನಿಲ್ಲುವುದು ಯಾವಾಗ ಎಂದು ನಿಮ್ಮ ಸಂಸದರಿಗೆ ಪತ್ರ ಬರೆಯಿರಿ. ಮಾಜಿ ಸೈನಿಕರು ಮಾತ್ರ ಬರೆದರೆ ಸಾಲದು. ಸೇನೆಯಲ್ಲಿ ಯಾರೂ ಇಲ್ಲದ ಮನೆಗಳಿಂದಲೂ ಆ ಪತ್ರಗಳು ಹೋಗಬೇಕು.